ಚೈತ್ರಾ ಅಂಗಾಲು ತೋರಿಸಿದ್ದಳು

ರುದ್ರಪ್ಪನವರೇ, ನಿಮ್ಮ ಮಗಳು ಚೈತ್ರಾ ನನಗೆ ತನ್ನ ಅಂಗಾಲು ತೋರಿಸಿದ್ದಳು. ತೋರಿಸಲೇ ಇಲ್ಲ ಎಂದು ಆಸ್ಪತ್ರೆಯಲ್ಲಿ ನಾನು ನಿಮಗೆ ಹೇಳಿದ್ದು ಸುಳ್ಳು.

ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಕಡೂರಿನ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು ನಾನು. ಬಾಯಿ ಜೋರು, ಹುಡುಗಿಯರು ನನ್ನನ್ನು ಕಂಡರೆ ಗೋಡೆಗೆ ಅಂಟಿಕೊಂಡು ನಡೆಯುತ್ತಾರೆ. ಅದನ್ನೇ ಗೌರವ ಎಂದುಕೊಂಡಿದ್ದೆ.

ಅಂದು ಚರ್ಮದ ಕ್ಯಾನ್ಸರಿನ ಪಾಠ. ಪುಸ್ತಕದಲ್ಲಿದ್ದ ಚಿತ್ರಗಳೆಲ್ಲ ಬಿಳಿಯರ ಮೈಯವು. "ಇದನ್ನ ನೋಡಿ ನಮಗೆ ಬರಲ್ಲ ಅಂದ್ಕೋಬೇಡಿ," ಎಂದೆ. "ನಮ್ಮಂಥ ಬಣ್ಣದೋರಿಗೆ ಅಂಗೈ, ಅಂಗಾಲು, ಉಗುರಿನ ಅಡಿ — ಯಾರೂ ನೋಡದ ಕಡೆಯೇ ಬರುತ್ತೆ. ಮಚ್ಚೆ ಬೆಳೀತಿದೆಯಾ, ಅಂಚು ಹರಡ್ತಿದೆಯಾ, ಬಣ್ಣ ಬದಲಾಗ್ತಿದೆಯಾ, ತಿಂಗಳಿಗೊಮ್ಮೆ ನೀವೇ ನೋಡ್ಕೊಳ್ಳಿ." ನನ್ನ ಪಾಠದಲ್ಲಿ ತಪ್ಪಿರಲಿಲ್ಲ — ಇವತ್ತಿಗೂ ಚುಚ್ಚುವುದು ಅದೇ.

ಮುಂದಿನ ಬೆಂಚಿನಲ್ಲಿದ್ದ ಚೈತ್ರಾ ಚಪ್ಪಲಿ ಕಳಚಿದಳು. ಬಲಗಾಲನ್ನು ಬೆಂಚಿನ ಮೇಲಿಟ್ಟು, ಅಂಗಾಲನ್ನು ನನ್ನತ್ತ ತಿರುಗಿಸಿದಳು.

"ಮೇಡಂ, ಇದು ಅದೇನಾ ನೋಡ್ರೀ? ನಮ್ಮಮ್ಮ ಆಣಿ ಅಂತ ಎಕ್ಕದ ಹಾಲು ಹಚ್ತಾಳೆ."

ಇಡೀ ಕ್ಲಾಸು ಕಿಸಕ್ಕೆಂದಿತು. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಕಡೆ ಹಿರಿಯರೆದುರು ಕಾಲು ಚಾಚಿ ಕೂರುವುದೇ ತಪ್ಪು. ಇವಳು ಪಾಠ ಹೇಳುವವಳ ಮುಖಕ್ಕೇ ಅಂಗಾಲು ಹಿಡಿದಿದ್ದಳು. ಮಠದಲ್ಲಿ ಗುರುಗಳ ಪಾದ ತೊಳೆದು ಕಣ್ಣಿಗೊತ್ತಿಕೊಂಡು ಬೆಳೆದವಳು ನಾನು — ಕಾಲೆಂದರೆ ಒಂದೋ ಪೂಜಿಸುವುದು, ಇಲ್ಲವೇ ಮುಚ್ಚಿಕೊಳ್ಳುವುದು. ನೋಡುವುದು ಅಂತ ಇನ್ನೊಂದಿದೆ ಎಂದು ಆಗ ತಾನೇ ಪಾಠ ಮಾಡಿದ್ದೆ, ಆದರೂ...

"ಲೇ, ಕಾಲಿಳಿಸೇ! ಗುರುಗಳ ಮುಖಕ್ಕೆ ಅಂಗಾಲು ಹಿಡೀತೀಯಾ? ಮನೇಲಿ ಇದೇನಾ ಕಲ್ಸಿರೋದು?"

"ತಪ್ಪಾಯ್ತು ಮೇಡಂ," ಎಂದು ಇಳಿಸಿದಳು.

ಅಷ್ಟರಲ್ಲಿ ನಾನು ನೋಡಿಯಾಗಿತ್ತು. ಹಿಮ್ಮಡಿಯ ಹತ್ತಿರ ಹುಣಸೆಬೀಜಕ್ಕಿಂತ ದೊಡ್ಡ ಕಪ್ಪು ಕಲೆ, ಅಂಚು ಮಸಿ ಚೆಲ್ಲಿದಂತೆ ಹರಡಿತ್ತು. ಆಣಿ ಹಾಗಿರುವುದಿಲ್ಲ. ಕ್ಲಾಸು ಮುಗಿದ ಮೇಲೆ ಕರೆಯಬೇಕು ಎಂದುಕೊಂಡೆ. ಕರೆದರೆ ಬೈದದ್ದು ತಪ್ಪೆಂದು ನಾನೇ ಒಪ್ಪಿದಂತಾಗುತ್ತದಲ್ಲ — ನಾಳೆ ಕರೆದರಾಯಿತು. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಇಲ್ಲಿ ಹಾಳಾದದ್ದು ನನ್ನ ಮನೆಯಲ್ಲ, ನಿಮ್ಮದು.

ಆಮೇಲೆ ಪರೀಕ್ಷೆ, ವಾರ್ಡ್ ಡ್ಯೂಟಿ... ಅವಳು ಕುಂಟುವುದನ್ನು ಕಂಡೂ ಕಾರಿಡಾರಿನಲ್ಲಿ ಮುಖ ತಿರುಗಿಸಿದ್ದೇನೆ. ಅವಳು ಮತ್ತೆ ಕೇಳಲಿಲ್ಲ. ಒಮ್ಮೆ ಕೇಳಿ ಏನಾಯಿತೆಂದು ಕಂಡಿದ್ದಳಲ್ಲ.

ತೊಡೆಸಂದಿಯಲ್ಲಿ ಗಂಟು ಕಾಣಿಸಿಕೊಂಡ ಮೇಲೆ ನೀವು ಅವಳನ್ನು ಶಿವಮೊಗ್ಗಕ್ಕೆ ಕರೆದೊಯ್ದಿರಿ. ನಾನು ನೋಡಲು ಬಂದಾಗ ಎದ್ದು ಕುರ್ಚಿ ಕೊಟ್ಟಿರಿ.

"ಅಂಗಾಲಿಂದ ಶುರುವಾಗಿ ಮೈಗೆಲ್ಲಾ ಹಬ್ಬೈತಂತೆ ಮೇಡಂ. ಈ ಪಾಠ ನೀವೇ ಮಾಡಿದ್ರಂತೆ. ಇವ್ಳು ನಿಮ್ಗೂ ತೋರಿಸ್ಲಿಲ್ವಾ?"

ಚೈತ್ರಾ ಎಚ್ಚರವಾಗಿಯೇ ಇದ್ದಳು. ನನ್ನನ್ನೇ ನೋಡುತ್ತಿದ್ದಳು.

"ಇಲ್ಲ ಕಣ್ರೀ," ಎಂದೆ. "ತೋರಿಸಿದ್ರೆ ಬಿಡ್ತಿದ್ನಾ?"

ನೀವು ಅವಳತ್ತ ತಿರುಗಿದಿರಿ. "ಓದಿದ ಹುಡ್ಗಿ ಕಣೇ ನೀನು. ಬಾಯ್ಬಿಟ್ಟು ಹೇಳಕ್ಕೇನಾಗಿತ್ತು?" ಎಂದು ಅತ್ತುಬಿಟ್ಟಿರಿ. ಅವಳು ನನ್ನ ಹೆಸರೆತ್ತಲಿಲ್ಲ. "ತಪ್ಪಾಯ್ತು ಕಣಪ್ಪಾ," ಎಂದು ಗೋಡೆಯ ಕಡೆಗೆ ಹೊರಳಿದಳು. ಅವಳೊಮ್ಮೆ ಬಾಯಿ ತೆರೆದು ನನ್ನನ್ನು ಬೈದಿದ್ದರೆ — ಇಲ್ಲ, ಅದನ್ನೂ ಅವಳ ಮೇಲೆಯೇ ಹಾಕುವುದು ಬೇಡ.

ನಿಮ್ಮೂರು ಶಿವನಿಯ ತೋಟದಲ್ಲಿ ಅವಳನ್ನು ಮಣ್ಣು ಮಾಡುವಾಗ ನಾನೂ ಇದ್ದೆ. ಬಂದವರಿಗೆಲ್ಲ ನೀವು ಹೇಳುತ್ತಿದ್ದಿರಿ: "ಮುಚ್ಚಿಟ್ಕೊಂಡ್ಬಿಟ್ಲು. ಮೇಡಂಗೆ ಹೇಳಿದ್ರೆ ಉಳೀತಿದ್ಲು." ಜನ ನನ್ನ ಕಡೆ ನೋಡಿ ತಲೆದೂಗುತ್ತಿದ್ದರು. ಆಗಲೇ ಕಂಡುಹಿಡಿದಿದ್ದರೆ ಉಳಿಯುತ್ತಿದ್ದಳೇ? ಖಂಡಿತವಾಗಿ ಹೇಳಲಾರೆ. ಆ ಅನುಮಾನದ ಹಿಂದೆ ಅವಿತುಕೊಂಡೇ ಇಷ್ಟು ದಿನ ಊಟ ಮಾಡಿದ್ದೇನೆ, ನಿದ್ದೆ ಮಾಡಿದ್ದೇನೆ.

ಈ ವರ್ಷ ಕಿರಿಯ ಮಗಳು ಕಾವ್ಯಾಳನ್ನೂ ನಮ್ಮ ಕಾಲೇಜಿಗೇ ತಂದು ಸೇರಿಸಿದಿರಿ. "ಅಕ್ಕನಂಗೆ ಮುಚ್ಚಿಡ್ಬೇಡ ಕಣೇ, ಮೇಡಂ ಹತ್ರ ಎಲ್ಲಾ ಹೇಳು," ಎಂದಿರಿ. ಹುಡುಗಿ ಹೂಂಗುಟ್ಟಿ ನನ್ನ ಕಾಲಿಗೆ ಬಿದ್ದಳು. ನಾನು ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದೆ. ಆ ಕೈಯನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ.

ಭಾನುವಾರ ನಿಮ್ಮೂರಿಗೆ ಬರುತ್ತೇನೆ. ಕಾವ್ಯಾ ಮತ್ತು ಅವಳ ತಾಯಿ ಇಬ್ಬರೂ ಇರುವಾಗ ಇಷ್ಟನ್ನೂ ಹೇಳುತ್ತೇನೆ. ನೀವು ಬಾಗಿಲಲ್ಲೇ ತಡೆದರೆ ಬೀದಿಯಲ್ಲಿ ನಿಂತು ಹೇಳುತ್ತೇನೆ, ಬೀದಿಯವರಿಗೂ ತಿಳಿಯಬೇಕಾದದ್ದೇ. ಕ್ಷಮಿಸಿ ಎಂದು ಕೇಳುವುದಿಲ್ಲ. ಚೈತ್ರಾಳನ್ನು ಬೈಯುವುದನ್ನು ಮಾತ್ರ ಇನ್ನು ನಿಲ್ಲಿಸಿ, ರುದ್ರಪ್ಪನವರೇ. ಅವಳು ತೋರಿಸಿದ್ದಳು.