ಚಹಾ ಬಿಟ್ಟ ಎಂಟು ತಿಂಗಳು

ಮುದಿಯಪ್ಪನ ಬಲಗೈ ನಡುಗಲು ಶುರುವಾದದ್ದು ಐವತ್ತಾರನೇ ವಯಸ್ಸಿನಲ್ಲಿ. ಗಜೇಂದ್ರಗಡದ ನಮ್ಮ ನೇಕಾರರ ಓಣಿಯಲ್ಲಿ ಯಾರ ಕೈ ನಡುಗಿದರೂ ಜನ ಮೊದಲು ಬಾಯಿಯ ವಾಸನೆ ನೋಡುತ್ತಾರೆ. ಈತ ಕುಡಿಯುತ್ತಿದ್ದದ್ದು ಚಹಾ ಮಾತ್ರ. ದಿನಕ್ಕೆ ಏಳೆಂಟು ಸಲ, ಅದೂ ಕಡುಕಪ್ಪಗೆ. ಹುಬ್ಬಳ್ಳಿಯ ಡಾಕ್ಟರು ಪಾರ್ಕಿನ್‌ಸನ್ ರೋಗ ಎಂದು ಹೇಳಿ ಗುಳಿಗೆ ಬರೆದುಕೊಟ್ಟರು. ಸುಮ್ಮನೆ ಕೂತಾಗ ನಡುಗುವ ಆ ಕೈ ಮಗ್ಗದ ಹಗ್ಗ ಹಿಡಿದರೆ ತೆಪ್ಪಗಾಗುತ್ತಿತ್ತು. ಗುಳಿಗೆ ನುಂಗುತ್ತ ಒಂದು ವರ್ಷ ಸೀರೆ ನೇಯ್ದ.

ಹೆಂಡತಿ ಕಳಕವ್ವನಿಗೆ ಬರೀ ಗುಳಿಗೆಯ ಮೇಲೆ ಭರವಸೆ ಇರಲಿಲ್ಲ. ೨೦೦೭ರ ಶಿವರಾತ್ರಿಗೆ ಗುಡ್ಡದ ಕಾಲಕಾಲೇಶ್ವರನ ಮೆಟ್ಟಿಲು ಹತ್ತಿ ಹರಕೆ ಹೊತ್ತು ಬಂದಳು. ಹರಕೆಗೆ ಬಿಡುವ ಪದಾರ್ಥ ಪ್ರಾಣಕ್ಕಿಂತ ಪ್ರಿಯವಾಗಿರಬೇಕು. ಹಾಗಲಕಾಯಿ ಬಿಟ್ಟರೆ ದೇವರೇನೂ ಮೋಸ ಹೋಗುವುದಿಲ್ಲ. ಹೀಗಾಗಿ, ನಡುಕ ನಿಲ್ಲುವ ತನಕ ಗಂಡ ಚಹಾ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಳು. ಗಂಡನನ್ನು ಕೇಳಿರಲಿಲ್ಲ. ಕೇಳಿದ್ದರೂ ಆತ ಹೂಂ ಅನ್ನುತ್ತಿದ್ದ. ಅದನ್ನು ಪ್ರೀತಿ ಎನ್ನುವಿರೋ ಮೆತ್ತಗಿನ ಸ್ವಭಾವ ಎನ್ನುವಿರೋ, ನಿಮಗೆ ಬಿಟ್ಟದ್ದು.

ಮೊದಲ ವಾರ ತಲೆನೋವು ಬಂತು, ಹೋಯಿತು. ಯುಗಾದಿಯ ಹೊತ್ತಿಗೆ ಕಾಲು ಹಿಡಿಯತೊಡಗಿದವು. ಕುಣಿಮಗ್ಗದಲ್ಲಿ ನೆಲದ ತಗ್ಗಿಗೆ ಕಾಲು ಇಳಿಬಿಟ್ಟು ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಆತನ ಕಾಲು ನಡುವೆಯೇ ನಿಂತುಬಿಡುತ್ತಿತ್ತು. ಲಾಳಿಗೆ ಹಾಕಲು ಕಳಕವ್ವ ಬೆಳಿಗ್ಗೆ ಸುತ್ತಿಕೊಟ್ಟ ನೂಲಿನ ಕಂಡಿಕೆಗಳಲ್ಲಿ ಅರ್ಧ ಸಂಜೆಗೂ ಹಾಗೇ ಉಳಿಯುತ್ತಿದ್ದವು. ಮಗ್ಗ ಬಿಟ್ಟರೆ ಮುದಿಯಪ್ಪನಿಗೆ ಬೇರೆ ಏನೂ ಬಾರದು. ಹರಕೆ ಸಾಲದೇನೋ ಎಂದು ಕಳಕವ್ವ ಸೋಮವಾರದ ಉಪವಾಸವನ್ನೂ ಸೇರಿಸಿದಳು.

ಅಕ್ಟೋಬರಿನಲ್ಲಿ ರಮಜಾನ್ ಹಬ್ಬಕ್ಕೆ ಪಕ್ಕದ ಮನೆಯ ಲಾಡಸಾಬ ಎಂದಿನಂತೆ ಇಬ್ಬರನ್ನೂ ಕರೆದ. ಆತನ ಮಗಳು ನಾಜಮೀನ ಡಾಕ್ಟರಿಕೆ ಮುಗಿಸಿ ನರರೋಗದ ಹೆಚ್ಚಿನ ಓದಿನಲ್ಲಿದ್ದವಳು, ರಜೆಗೆ ಬಂದಿದ್ದಳು. ಮುದಿಯಪ್ಪ ಹಬ್ಬದ ಶ್ಯಾವಿಗೆ ಪಾಯಸ ಸುರಕುಂಬಾ ಕುಡಿದು, ಚಹಾದ ಬಟ್ಟಲನ್ನು ಹಿಂದಕ್ಕೆ ಸರಿಸಿದ.

"ಯಾಕ ಕಾಕಾ, ಮೊದ್ಲ ಕೇಳಿ ಕೇಳಿ ಕುಡೀತಿದ್ರಲ್ಲ?" ನಾಜಮೀನ ಕೇಳಿದಳು.

"ಹರಕಿ ಐತೆವಾ. ಶಿವರಾತ್ರಿಗೆ ಬಿಟ್ಟಾರ," ಎಂದಳು ಕಳಕವ್ವ.

"ಕಾಲ ಯಾವಾಗಿಂದ ಹಿಡಿಯಾಕತ್ತಾವು?" ಆತ ಹೊಸ್ತಿಲಲ್ಲಿ ಕಾಲು ಕಿತ್ತಿಡಲಾಗದೆ ನಿಂತದ್ದನ್ನು ಆಕೆ ನೋಡಿದ್ದಳು.

ಕಳಕವ್ವ ತಿಂಗಳು ಎಣಿಸಿ ಹೇಳಿದಳು. ನಾಜಮೀನ ಬಿಡಿಸಿ ಹೇಳಿದಳು. ನಡೆದಾಟವನ್ನು ನಡೆಸುವ ಮಿದುಳಿನ ಭಾಗದಲ್ಲಿ, ಒಂದೇ ಜೀವಕೋಶದ ಗೋಡೆಗೆ ಎರಡು ಗ್ರಾಹಕಗಳು, ಅಂದರೆ ರಾಸಾಯನಿಕಗಳ ಸಂದೇಶ ಹಿಡಿಯುವ ಜಾಗಗಳು, ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದು ನಡೆದಾಟಕ್ಕೆ ಚಾಲನೆ ಕೊಡುವ ಡೋಪಮೈನಿನದು, ಇನ್ನೊಂದು ಅದಕ್ಕೆ ತಡೆ ಹಾಕುವ ಅಡೆನೋಸಿನ್ನಿನದು. ಅಡೆನೋಸಿನ್ ತನ್ನ ಜಾಗಕ್ಕೆ ಬಂದು ಕೂತರೆ ಪಕ್ಕದ ಗ್ರಾಹಕದ ಹಿಡಿತ ಸಡಿಲಾಗಿ, ಡೋಪಮೈನಿನ ಮಾತು ಒಳಗೆ ಸರಿಯಾಗಿ ನಡೆಯುವುದಿಲ್ಲ. ಈ ರೋಗದಲ್ಲಿ ಡೋಪಮೈನ್ ಮೊದಲೇ ಕಡಿಮೆ. ಗುಳಿಗೆಯಿಂದ ಬರುವುದೂ ಅಷ್ಟಕ್ಕಷ್ಟೇ. ಚಹಾದ ಕೆಫೀನ್ ಹೋಗಿ ಅಡೆನೋಸಿನ್ನಿನ ಜಾಗದಲ್ಲಿ ಕೂತುಬಿಡುತ್ತದೆ. ಏನೂ ಮಾಡುವುದಿಲ್ಲ, ಜಾಗ ಹಿಡಿದಿರುತ್ತದೆ, ಅಷ್ಟೇ. ಚಹಾ ಬಿಟ್ಟರೆ ಆ ಜಾಗ ಮತ್ತೆ ಅಡೆನೋಸಿನ್ನಿಗೆ.

"ನನ್ನ ಮಗ್ಗದ ಹಲಗಿ ಇದ್ದಂಗ. ಒಂದ ತುಳದ್ರ ಇನ್ನೊಂದು ಮ್ಯಾಲ ಏಳತೈತಿ," ಎಂದ ಮುದಿಯಪ್ಪ.

"ಸುಮಾರ ಹಂಗ ಕಾಕಾ."

ಕಳಕವ್ವ ಬೇರೆಯದನ್ನೇ ಕೇಳಿದಳು. "ಹಂಗಾರ ಅವರ ಕಾಲ ಕಟ್ಟಿದಾಕಿ ನಾನ ಏನವಾ?"

"ರೋಗನೂ ಮುಂದ ಹೋಗಿರತೈತ್ರಿ ಕಾಕಿ. ಎಷ್ಟು ರೋಗದ್ದು, ಎಷ್ಟು ಚಾ ಬಿಟ್ಟಿದ್ದರದು, ನನಗ ಹೇಳಾಕ ಬರೂದಿಲ್ಲ. ಚಾ ಔಷಧ ಅಲ್ಲ. ಆದ್ರ ಬಿಡೂದು ಬ್ಯಾಡ. ಗುಳಗಿ ಹಂಗ ನಡೀಲಿ, ಹುಬ್ಬಳ್ಳಿ ಡಾಕ್ಟರಿಗೂ ಇದನ್ನ ತಿಳಸ್ರಿ."

ನಿಮ್ಮಿಂದಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಹುಡುಗಿಯ ಗಂಟೇನೂ ಹೋಗುತ್ತಿರಲಿಲ್ಲ. ಓದಿದವರಿಗೆ ಆ ಬುದ್ಧಿ ಹೊಳೆಯುವುದಿಲ್ಲ.

ಮೂರು ದಿನ ಕಳಕವ್ವ ಚಹಾ ಇಡಲಿಲ್ಲ. ಇಟ್ಟರೆ ದೇವರ ಸಿಟ್ಟು ಗಂಡನ ಮೇಲೆ, ಇಡದಿದ್ದರೆ ಆತನ ಕಾಲು ಇನ್ನಷ್ಟು ಬಿಗಿ. ನಾಲ್ಕನೇ ದಿನ ಗುಡ್ಡ ಹತ್ತಿದಳು. "ಮಾತು ಕೊಟ್ಟಾಕಿ ನಾನು, ಮುರದಾಕೀನೂ ನಾನು. ಏನ ಕೊಡೂದಿದ್ರೂ ನನಗ ಕೊಡು," ಎಂದು ಹೇಳಿಬಂದೆ ಎಂದು ಆಮೇಲೆ ಆಕೆಯೇ ನಮ್ಮ ಮುಂದೆ ಅಂದಳು. ಇಳಿದು ಬಂದವಳೇ ಕಡುಕಪ್ಪು ಚಹಾ ಕಾಸಿ ಗಂಡನ ಕೈಗೆ ಕೊಟ್ಟಳು. ಆತ ಯಾಕೆ ಎಂದು ಕೇಳದೆ ಕುಡಿದ.

ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ, ಮುದಿಯಪ್ಪ ಮಗ್ಗದಿಂದ ಎದ್ದು ಬಂದಾಗ, ಕಳಕವ್ವ ಮುಖ ಎತ್ತದೆ ಕೇಳಿದಳು.

"ಕಾಲ ಹ್ಯಾಂಗ ಅದಾವ್ರಿ?"

"ಇದ್ದಂಗ ಅದಾವು. ಚಾ ಕುಡದ್ರೇನು, ಬಿಟ್ರೇನು, ಏನೂ ಫರಕ ಇಲ್ಲ. ನೀ ಅದನ್ನ ಮನಸಿಗೆ ಹಚ್ಕೊಬ್ಯಾಡ."

ಹಾಗೆಂದು, ಕೈಯಲ್ಲಿದ್ದ ಬುಟ್ಟಿಯನ್ನು ಆಕೆಯ ಮುಂದಿಟ್ಟ. ಬೆಳಿಗ್ಗೆ ಆಕೆ ಅದರಲ್ಲಿ ತುಂಬಿಕೊಟ್ಟ ಕಂಡಿಕೆಗಳೆಲ್ಲ ಖಾಲಿಯಾಗಿದ್ದವು. ಕಳಕವ್ವ ಬುಟ್ಟಿಯನ್ನು ನೋಡಿದಳು, ಗಂಡನನ್ನು ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಆಮೇಲೆ ರಾಟೆ ಎಳೆದುಕೊಂಡು ನೂಲು ಸುತ್ತಲು ಕೂತಳು.