ಅಭ್ಯಾಸಕ್ಕೆ ಬರೆದ ವರದಿ

ವಾಣಿಜ್ಯ ಇಲಾಖೆಯ ಮೂರನೇ ಮಹಡಿಯಲ್ಲಿ ಎಲ್ಲರೂ ಅವಳನ್ನು ‘ತರಬೇತಿ ಅಕ್ಕ’ ಎನ್ನುತ್ತಿದ್ದರು. ಯಾವ ತರಬೇತಿಯ ಸುತ್ತೋಲೆ ಬಂದರೂ ನಿರ್ದೇಶಕರು ಅವಳನ್ನೇ ಕಳಿಸುತ್ತಿದ್ದರು. ಜಾಣೆ ಎಂದಲ್ಲ, ಅವಳು ಕುರ್ಚಿಯಲ್ಲಿ ಇಲ್ಲದಿದ್ದರೆ ಯಾವ ಕೆಲಸವೂ ನಿಲ್ಲುತ್ತಿರಲಿಲ್ಲ ಎಂದು. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಹೋಗುತ್ತಿದ್ದಳು, ಪ್ರಮಾಣಪತ್ರ ತರುತ್ತಿದ್ದಳು, ಬಡ್ತಿಗೆ ಕಾಯುತ್ತಿದ್ದಳು. ಅವಳು ಕೆಲಸ ಕಲಿಸಿದ ಹುಡುಗರೆಲ್ಲ ಬಡ್ತಿ ಪಡೆದು ಅವಳ ತಲೆಯ ಮೇಲೆ ಕೂತಿದ್ದರು.

ಆ ವರ್ಷ ಬಂದದ್ದು ಸಂಶೋಧನೆಯ ತರಬೇತಿ. ಬಡ ದೇಶಗಳ ಅಧಿಕಾರಿಗಳು ತಮ್ಮ ವ್ಯಾಪಾರ ನೀತಿಯನ್ನು ತಾವೇ ಅಧ್ಯಯನ ಮಾಡಲು ಕಲಿಯಲಿ ಎಂದು ಹೊರದೇಶದ ತಜ್ಞರೊಬ್ಬರು ಬಂದಿಳಿದರು. ಒಬ್ಬೊಬ್ಬರೂ ಒಂದು ಸರಕು ಆರಿಸಿಕೊಂಡು, ಅದರ ಆಮದು ಸುಂಕ ತೆಗೆದರೆ ಏನಾಗುತ್ತದೆ ಎಂದು ಬರೆಯಬೇಕು. ಅವಳು ಕೊಡೆ ಆರಿಸಿಕೊಂಡಳು. ಅಣ್ಣನದು ಕೊಡೆ ಕಾರ್ಖಾನೆ. ಕಡ್ಡಿ, ಬಟ್ಟೆ, ಹಿಡಿಗಳ ನಡುವೆಯೇ ಬೆಳೆದವಳು.

ಕೊಡೆ ಕೆಲಸದವರು ಒಟ್ಟು ಎಷ್ಟು ಜನ ಎಂಬುದು ಮಾತ್ರ ಎಲ್ಲೂ ಸಿಗಲಿಲ್ಲ. ಅಣ್ಣನನ್ನು ಕೇಳಲೇ ಎಂದಳು. ಸಂಬಂಧಿಕರ ಮಾತು ಆಧಾರವಾಗದು, ಅಭ್ಯಾಸ ತಾನೆ, ಒಂದು ಊಹೆ ಹಾಕಿ ಮುಂದೆ ಹೋಗಿ ಎಂದರು ತಜ್ಞರು. ಅವಳು ಮುನ್ನೂರು ಎಂದು ಹಾಕಿದಳು. ಸುಂಕ ತೆಗೆಯಬಹುದು, ನಷ್ಟ ನಗಣ್ಯ ಎಂದು ಲೆಕ್ಕ ತಾನಾಗಿಯೇ ಬಂತು. ತಜ್ಞರು ಹೊಗಳಿ ಅಟ್ಟಕ್ಕೇರಿಸಿ ವಿಮಾನ ಹತ್ತಿದರು.

ತರಬೇತಿಗೆ ದುಡ್ಡು ಕೊಟ್ಟವರಿಗೆ ಫಲ ತೋರಿಸಬೇಕಲ್ಲ. ನಿರ್ದೇಶಕರು ಆ ಅಭ್ಯಾಸಕ್ಕೇ ಹೊಳೆಯುವ ರಕ್ಷಾಪುಟ ಹಾಕಿಸಿ, ‘ನಮ್ಮವರೇ ಮಾಡಿದ ಮೊದಲ ಸಂಶೋಧನೆ’ ಎಂದು ಮಂತ್ರಿಗಳಿಗೆ ಕಳಿಸಲು ಹೊರಟರು. ಅವಳು ಅವರ ಕೋಣೆಗೆ ಓಡಿದಳು.

“ಸರ್, ಅದು ಅಭ್ಯಾಸಕ್ಕೆ ಬರೆದಿದ್ದು. ಮುನ್ನೂರು ಅನ್ನೋದು ನಾನೇ ಸುಮ್ನೆ ಹಾಕಿದ್ದು.”

“ಮೇಲಿನೋರು ಓದ್ತಾರೆ ಅಂದ್ಕೊಂಡ್ರಾ? ಸಂಶೋಧನಾ ಘಟಕ ಶುರು ಮಾಡ್ತಿದೀವಿ, ಮುಖ್ಯಸ್ಥೆ ನೀವೇ. ಇದು ಸುಳ್ಳು ಅಂತ ನೀವು ಬರೆದುಕೊಟ್ರೆ ಘಟಕಾನೂ ಇಲ್ಲ, ನಿಮ್ಮ ಬಡ್ತೀನೂ ಇಲ್ಲ. ಯೋಚ್ನೆ ಮಾಡಿ.”

ಒಂದು ಸಾಲು ಬರೆದಿದ್ದರೆ ಸಾಕಿತ್ತು. ಅವಳು ಬಾಯಿಗೆ ಬೀಗ ಹಾಕಿಕೊಂಡು ಹೊರಗೆ ಬಂದಳು. ಯಾರು ಓದುತ್ತಾರೆ ಎಂಬ ಮಾತನ್ನೇ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಯಾರೂ ಓದಲಿಲ್ಲ, ನಿಜ. ಕೊನೆಯ ಸಾಲನ್ನು ಮಾತ್ರ ಓದಿದರು. ಅಗ್ಗದ ಕೊಡೆ ತರಿಸಲು ತುದಿಗಾಲಲ್ಲಿ ನಿಂತವರಿಗೆ ಬೇಕಿದ್ದುದೂ ಅಷ್ಟೇ. ಸುಂಕ ಹೋಯಿತು. ಮಳೆಗಾಲಕ್ಕೆ ಮೊದಲೇ ಅಂಗಡಿಗಳಲ್ಲಿ ಅರ್ಧ ಬೆಲೆಯ ಹೊರಗಿನ ಕೊಡೆಗಳು ತೂಗಾಡಿದವು. ಅಣ್ಣನ ಕಾರ್ಖಾನೆಗೆ ಬೀಗ ಬಿತ್ತು, ಆಮೇಲೆ ಕೊಡೆ ಮಾಡುವವರ ಇಡೀ ಬೀದಿಗೆ.

ಕೊಡೆಯವರೆಲ್ಲ ಸೇರಿ ಮನವಿ ಕೊಟ್ಟರು. ಅದು ಬಂದು ಬಿದ್ದದ್ದು ಹೊಸ ಮುಖ್ಯಸ್ಥೆಯ ಮೇಜಿನ ಮೇಲೆ. ಅಧ್ಯಯನದ ಪ್ರಕಾರ ಕೊಡೆ ಕೆಲಸದವರು ಮುನ್ನೂರೇ ಜನ, ನಷ್ಟ ನಗಣ್ಯ ಎಂದು ಉತ್ತರ ಬರೆದು ಸಹಿ ಹಾಕಿದಳು.

ಆ ಭಾನುವಾರ ಅಣ್ಣ, ಅತ್ತಿಗೆ ಮನೆಗೆ ಬಂದರು. ಅತ್ತಿಗೆ ಒಳಗೆ ಬರಲಿಲ್ಲ. “ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರೆ. ಇವಳು ಊರಿಗೂ ಮಾರಿನೇ,” ಎಂದು ಮೆಟ್ಟಿಲ ಮೇಲೆ ಕೂತಳು.

ಅಣ್ಣ ದನಿ ಏರಿಸಲಿಲ್ಲ. “ನಮ್ಮ ಬೀದಿ ಒಂದ್ರಲ್ಲೇ ಮುನ್ನೂರಕ್ಕಿಂತ ಜಾಸ್ತಿ ಜನ ಇದ್ರು ಕಣೇ. ನನ್ನ ಒಂದು ಮಾತು ಕೇಳಬಾರದಿತ್ತಾ?”

“ಮನೆಯೋರನ್ನ ಕೇಳೋ ಹಾಗಿಲ್ಲ ಅಣ್ಣ.” ಅಷ್ಟೂ ತರಬೇತಿಗಳಲ್ಲಿ ಅವಳು ಮನಸಾರೆ ಕಲಿತದ್ದು ಅದೊಂದೇ ಇರಬೇಕು.

ಅಣ್ಣ ಹೊರಡಲು ಎದ್ದ. “ನಿಮ್ಮ ಆಫೀಸಲ್ಲಿ ಗೇಟು ಕಾಯೋ ಕೆಲಸ ಏನಾದ್ರೂ ಇದ್ರೆ ನೋಡು. ಅದಕ್ಕೂ ಮನೆಯೋರು ಆಗಲ್ಲ ಅಂದ್ರೆ ಬೇಡ ಬಿಡು.”

ವಿಚಾರಿಸುತ್ತೇನೆ ಎಂದಳು. ಕೆಲಸ ಖಾಲಿ ಇತ್ತು, ಅವಳಿಗೆ ಗೊತ್ತೂ ಇತ್ತು. ಮುಖ್ಯಸ್ಥೆಯ ಅಣ್ಣ ಗೇಟಿನಲ್ಲಿ ನಿಂತು ಎಲ್ಲರಿಗೂ ಸಲಾಮು ಹೊಡೆಯುವುದೆಂದರೆ ಅವಳಿಗೆ ನಾಚಿಕೆಯಾಗುತ್ತಿತ್ತು. ಆ ಕೆಲಸಕ್ಕೆ ಬೇರೆ ಯಾರನ್ನೋ ತೆಗೆದುಕೊಂಡರು.