ಯಂತ್ರಕ್ಕೊಂದು ಚಿಟಿಕೆ ಅರಿಶಿನ

ದಸರಾ ರಜೆ ಮುಗಿಸಿ ಚಾಮರಾಜಪೇಟೆಯ ನಮ್ಮ ಲ್ಯಾಬಿಗೆ ಬಂದು ಯಂತ್ರ ಹಾಕಿದರೆ, ಪರದೆಯ ಮೇಲಿನ ಗೆರೆ ನೆತ್ತಿಗೇರಿ ಕೂತಿತು. ಇಳಿಯಲೇ ಇಲ್ಲ. ಅಂದು ಸಂಜೆಯೊಳಗೆ ಒಂದು ಹಸುಗೂಸಿನ ರಕ್ತದ ವರದಿ ಕೊಡಬೇಕಿತ್ತು. ತಾಯಿಯ ಹಾಲು ನಿಲ್ಲಿಸಬೇಕೋ ಬೇಡವೋ ಎಂದು ಡಾಕ್ಟರು ಅದನ್ನು ನೋಡಿ ಹೇಳುವವರಿದ್ದರು.

ಹಾಲು ಒಗ್ಗದ ಕೂಸಿನ ರಕ್ತದಲ್ಲಿ ಕೆಲವು ಅಮೈನೋ ಆಮ್ಲಗಳು ಮಿತಿಮೀರುತ್ತವೆ; ಅವನ್ನು ಅಳೆಯಲು ನಾವು ಹೊಳೆಯುವ ಬಣ್ಣ ಅಂಟಿಸುತ್ತೇವೆ. ಯಂತ್ರ ಆ ಹೊಳಪನ್ನು ಅಳೆದು ಗೆರೆಯಾಗಿ ತೋರಿಸುತ್ತದೆ; ಹೊಳಪು ಹೆಚ್ಚಿದಷ್ಟೂ ಗೆರೆ ಮೇಲೇರುತ್ತದೆ. ಆದರೆ ನಾನಿನ್ನೂ ರಕ್ತವನ್ನೇ ಹಾಕಿರಲಿಲ್ಲ. ಒಳಗೆ ಹರಿಯುತ್ತಿದ್ದುದು ಪಕ್ಕದ ಸೀಸೆಯಿಂದ ಬರುವ, ನೀರಿನಂತೆ ಕಾಣುವ ಬರೀ ಮೆಥನಾಲ್.

"ಈ ಸೀಸೆ ಯಾರು ಮುಟ್ಟಿದ್ದು?"

"ನಾನೇ ಸಾರ್," ಎಂದರು ಆಫೀಸಿನ ಪದ್ಮಮ್ಮ. "ಆಯುಧಪೂಜೆ ದಿನ. ನೀರು ಅಂದ್ಕೊಂಡೆ. ಕಳಶಕ್ಕೆ ಹಾಕ್ತೀವಲ್ಲ, ಹಾಗೆ ಒಂದು ಚಿಟಿಕೆ ಅರಿಶಿನ ಹಾಕ್ದೆ."

ಕಂದು ಸೀಸೆಯಲ್ಲಿ ಹಳದಿ ನನಗೆ ಕಂಡಿರಲಿಲ್ಲ.

"ಅರಿಶಿನಾನೂ ಹೊಳೆಯುತ್ತೆ ಕಣ್ರೀ!"

"ಹೊಳೀಲಿ ಅಂತಾನೇ ಅಲ್ವಾ ಸಾರ್ ಹಾಕೋದು?"



ಹೊಸ ಮೆಥನಾಲ್ ತುಂಬಿ, ಊಟ ಬಿಟ್ಟು ಕೊಳವೆ ತೊಳೆದೆ. ಮಧ್ಯಾಹ್ನ ಕಳೆದ ಮೇಲೆ ಗೆರೆ ಇಳಿಯಿತು. ಕತ್ತಲಾಗುವ ಮುಂಚೆ ವರದಿ ಹೋಯಿತು. ಹಾಲು ನಿಲ್ಲಿಸಬೇಕಾಗಲಿಲ್ಲ.

ಮರುವರ್ಷ ಪದ್ಮಮ್ಮ ಯಂತ್ರಕ್ಕೆ ಹೂವಷ್ಟೇ ಇಟ್ಟರು. ಅರಿಶಿನವನ್ನೆಲ್ಲ ನನ್ನ ಸ್ಕೂಟರಿಗೆ ಬಳಿದರು.